ಎಡಗಿವಿಗೆ ಮದ್ದು

ಇಲಿಯ ಕರುಳಿನೊಳಗೆ ಬೆಳಕು ಬಿಟ್ಟರೆ ಏನು ಕಾಣುತ್ತದೆ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಹಿರಿಯೂರು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ನಮ್ಮೂರ ಕಟ್ಟೆಯ ಮೇಲಿನ ಹಿರಿಯರು, ಒಮ್ಮೆ ಹೆಣ್ಣು ನೋಡಲು ಹೋದ ಮನೆಯವರು ಕೂಡ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗ ಆ ಮನೆಯವರಿಗೆ ಹೇಳಬಾರದಿತ್ತು. ಹೇಳಿದೆ. ಸಂಬಂಧ ಉಪ್ಪಿಟ್ಟಿಗೇ ನಿಂತಿತು.

ಕಾಣುವುದು ಗುಲಾಬಿ ಬಣ್ಣದ ಒಂದು ಸುರಂಗ. ಒಳಗೆ ತುಸು ಗಾಳಿ ಊದಿದರೆ ಅದು ಮೆಲ್ಲಗೆ ಅಗಲವಾಗುತ್ತದೆ. ಗೋಡೆಯ ತುಂಬ ಕೆಂಪು ನೂಲಿನಂಥ ರಕ್ತನಾಳಗಳು. ರೋಗವಿಲ್ಲದ ಇಲಿಯಾದರೆ ಅಷ್ಟೇ, ನೋಡಿ ಮುಗಿಯಿತು. ರೋಗವಿದ್ದರೆ ಗೋಡೆಯ ಒಂದು ಕಡೆಯಿಂದ ಸಣ್ಣ ಗಂಟೊಂದು ಇಣುಕುತ್ತದೆ. ಅದೇ ಗಡ್ಡೆ. ಅದನ್ನು ಹದಿನೈದು ದಿನಕ್ಕೊಮ್ಮೆ ನೋಡಿ, ಚಿತ್ರ ತೆಗೆದು, ಎಷ್ಟು ಬೆಳೆಯಿತು ಎಂದು ಬರೆದಿಡುವುದು ಅಕ್ಕನ ಕೆಲಸ. ಇಲಿಗಳಿಗೆ ಹೊಟ್ಟು ಹಾಸಿ, ನೀರು ತುಂಬಿ, ಡಬ್ಬಿ ತೊಳೆದು, ಕೋಣೆಯ ಶಾಖ ಬರೆದಿಡುವುದು ನನ್ನದು. ಚಿತ್ರದುರ್ಗದ ಹೊರವಲಯದ ಒಂದು ಕಾಲೇಜಿನಲ್ಲಿ ಆ ಕೋಣೆ ಇತ್ತು. ಬಾಗಿಲ ಮೇಲೆ ಪ್ರಾಣಿಗೃಹ ಎಂದು ಬರೆದಿತ್ತು. ನಾನು ಇಲಿಗಳ ಹಾಸ್ಟೆಲ್ ಎನ್ನುತ್ತಿದ್ದೆ. ವಾರ್ಡನ್ ನಾನೇ, ಆದ್ದರಿಂದ ಊಟದ ಬಗ್ಗೆ ದೂರು ಬರುತ್ತಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಹೊಳಲ್ಕೆರೆ ಕಡೆಯವಳು, ಡಾಕ್ಟರೇಟಿಗಾಗಿ ಸಂಶೋಧನೆ ಮಾಡುತ್ತಿದ್ದಳು, ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ದಿನಾ ಬೆಳಿಗ್ಗೆ ಹೊಳಲ್ಕೆರೆ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅವಳ ಮೇಲೆ ಒಬ್ಬರು ಸರ್. ಸರ್ ಬಾಯಿ ತೆರೆಯುವ ಮೊದಲು ಎರಡು ಸಲ ಕೆಮ್ಮಿ, "ಅಂದ್ರೆ ಏನಪ್ಪ ಅಂದ್ರೆ" ಎಂದು ಶುರು ಮಾಡುತ್ತಿದ್ದರು, ಅದಕ್ಕೆ ಮುಂಚೆ ಏನೂ ಹೇಳಿರದಿದ್ದರೂ.

ನನಗೆ ಹುಟ್ಟಿನಿಂದ ಒಂದು ಚಾಳಿ. ಎದುರಿಗಿದ್ದವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತದೆ. ಬಾಗಿಲ ಹಿಂದೆ ನಿಂತು ಎರಡು ಸಲ ಕೆಮ್ಮಿದರೆ ಸಾಕು, ಅಕ್ಕ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದಳು. ಆಮೇಲೆ ಕೈಗೆ ಸಿಕ್ಕ ಹತ್ತಿ ಉಂಡೆ ಎಸೆಯುತ್ತಿದ್ದಳು. ಚಿತ್ರ ತೆಗೆದ ಮೇಲೆ ಮತ್ತಿನಿಂದ ಏಳುವ ಇಲಿ ಮೂಗು ಮೇಲೆತ್ತಿ ತೂರಾಡುವುದನ್ನೂ ಮಾಡಿ ತೋರಿಸುತ್ತಿದ್ದೆ. ಕೊನೆಗೆ ನನ್ನದನ್ನೇ ಮಾಡುತ್ತಿದ್ದೆ: ಕೆಲಸ ಹೇಳಿದ ಕೂಡಲೇ ಸೊಂಟ ಹಿಡಿದುಕೊಂಡು ಗೋಡೆಗೆ ಒರಗುವ ಹುಡುಗನನ್ನು. ಅದಕ್ಕೇ ಅಕ್ಕ ಹೆಚ್ಚು ನಗುತ್ತಿದ್ದಳು.

ಅವಳ ಕೆಲಸದ ಬಗ್ಗೆ ಅವಳು ನನಗೆ ಮೊದಲ ವಾರವೇ ಬಿಡಿಸಿ ಹೇಳಿದ್ದಳು. ಇಲಿಗಳಿಗೆ ಒಂದು ಚುಚ್ಚುಮದ್ದು ಕೊಟ್ಟು, ನೀರಿನಲ್ಲಿ ಒಂದು ಪುಡಿ ಬೆರೆಸಿ ಕೆಲವು ವಾರ ಕುಡಿಸಿದರೆ ದೊಡ್ಡ ಕರುಳಿನಲ್ಲಿ ಗಡ್ಡೆ ಏಳುತ್ತದೆ. ನಮ್ಮ ಗುಡ್ಡಗಳಲ್ಲಿ ಬೆಳೆಯುವ ಒಂದು ಗಿಡದ ಎಲೆಯಿಂದ ಅವಳು ಕಹಿ ಸಾರ ತೆಗೆದಿದ್ದಳು. ಅದನ್ನು ಕುಡಿಸಿದರೆ ಗಡ್ಡೆ ಬೆಳೆಯುವುದು ನಿಲ್ಲುತ್ತದೆಯೇ ಎಂಬುದು ಪ್ರಶ್ನೆ.

"ಮುಂಚೆ ಏನ್ ಮಾಡ್ತಿದ್ರು ಗೊತ್ತೇನಲೇ? ವಾರಕ್ಕಿಷ್ಟು ಇಲಿ ಕುಯ್ದು ನೋಡ್ತಿದ್ರು. ಕುಯ್ದ ಇಲಿ ನಾಳೆ ಹೆಂಗಿರ್ತಿತ್ತು ಅಂತ ಯಾರಿಗೆ ಗೊತ್ತು? ಈ ಕ್ಯಾಮೆರಾ ಇದ್ರೆ ಅದೇ ಇಲಿ, ಅದೇ ಜಾಗ, ತಿರುಗಿ ತಿರುಗಿ ನೋಡ್ಬಹುದು."

"ಅಂದ್ರೆ ಇಲಿಗೆ ಫೋಟೋ ಆಲ್ಬಂ."

"ಹೂಂ. ನಿನ್ನ ಮದುವೆ ಆಲ್ಬಂಗಿಂತ ಮುಂಚೆ ಮುಗಿಯುತ್ತೆ ನೋಡು."

ಆ ಕ್ಯಾಮೆರಾ ಗೋಣಿ ಹೊಲಿಯುವ ದಬ್ಬಣದಷ್ಟು ತೆಳುವಾಗಿತ್ತು. ಇಲಿಗೆ ಮತ್ತು ಬರಿಸುವ ಗಾಳಿ ಕೊಟ್ಟು, ಅಂಗಾತ ಮಲಗಿಸಿ, ಹಿಂದಿನಿಂದ ಮೆಲ್ಲಗೆ ಒಳಗೆ ಬಿಡುತ್ತಿದ್ದಳು. ನಾನು ಇಲಿಯ ಉಸಿರು ನೋಡುತ್ತ ಕೂರಬೇಕು. ಪರದೆಯ ಮೇಲೆ ಗಡ್ಡೆ ಬಂದಾಗ ಅವಳು ಅಳತೆ ಬರೆಯುತ್ತಿದ್ದಳು, ನಾನು ಬಾಯಿ ಹಾಕುತ್ತಿದ್ದೆ: "ಇದು ರಾಗಿ. ಇದು ನವಣೆ. ಇದು ಜೋಳ ಆಗೈತೆ ಅಕ್ಕ." ಮೊದಮೊದಲು ಗದರಿದಳು. ಬರಬರುತ್ತ ಅಳತೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅವಳೇ ರಾ, ನ, ಜೋ ಎಂದು ಬರೆದುಕೊಳ್ಳುತ್ತಿದ್ದಳು. ಜೋಳ ದಾಟಿ ತೊಗರಿಯಾದರೆ ಕರುಳಿನ ದಾರಿ ಮುಚ್ಚುತ್ತದೆ, ಆ ಇಲಿಯನ್ನು ನರಳಲು ಬಿಡಬಾರದು. ತೊಗರಿ ಎನ್ನುವಾಗ ನಾನೂ ತಮಾಷೆ ಮಾಡುತ್ತಿರಲಿಲ್ಲ.

ಇಪ್ಪತ್ತು ಡಬ್ಬಿ, ಡಬ್ಬಿಗೆರಡು ಇಲಿ. ಎರಡೂ ಒಂದೇ ಥರ ಬೆಳ್ಳಗೆ ಇರುವುದರಿಂದ ಅಕ್ಕ ಒಂದರ ಎಡಗಿವಿಗೆ, ಇನ್ನೊಂದರ ಬಲಗಿವಿಗೆ ಸಣ್ಣ ಕಚ್ಚು ಹಾಕಿದ್ದಳು. ಎಡಗಿವಿ ಕಚ್ಚಿನದಕ್ಕೆ ಮದ್ದು, ಬಲಗಿವಿ ಕಚ್ಚಿನದಕ್ಕೆ ಬರೀ ನೀರು. ಮೊಂಡು ತುದಿಯ ಸೂಜಿಯಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಾಯಿಗೆ ಕುಡಿಸಬೇಕು, ಹೊತ್ತು ತಪ್ಪಬಾರದು. ಕುಡಿಸಿದ ಮೇಲೆ ನೋಟ್‌ಬುಕ್ಕಿನಲ್ಲಿ ಆ ದಿನದ ಮುಂದೆ ಅಕ್ಕನ ಸಹಿ. ಶನಿವಾರ ಸರ್ ಬಂದು ಸಹಿ ನೋಡುತ್ತಿದ್ದರು.

ಮೊದಲ ಆರು ವಾರ ಎಲ್ಲವನ್ನೂ ಅಕ್ಕನೇ ಮಾಡಿದಳು. ಆರನೇ ವಾರದ ಚಿತ್ರಗಳು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಲಗಿವಿಯವೆಲ್ಲ ನವಣೆಗೆ ಬಂದಿದ್ದವು. ಎಡಗಿವಿಯವು ಒಂದೆರಡು ಬಿಟ್ಟರೆ ರಾಗಿಯಲ್ಲೇ ನಿಂತಿದ್ದವು. ಅಕ್ಕ ಕೈಗವಸು ಬಿಚ್ಚಿ, ಹೊರಗೆ ಹೋಗಿ, ಕ್ಯಾಂಟೀನಿನಿಂದ ಎರಡು ಮಂಡಕ್ಕಿ ಪೊಟ್ಟಣ ತಂದು ಒಂದನ್ನು ನನ್ನ ಮುಂದೆ ಇಟ್ಟಳು.

"ಯಾರಿಗೂ ಹೇಳ್ಬೇಡ. ಇನ್ನೂ ಏನೂ ಗೊತ್ತಾಗಿಲ್ಲ," ಎಂದಳು. ಮುಖದಲ್ಲಿ ಮಾತ್ರ ಎಲ್ಲ ಗೊತ್ತಾಗಿತ್ತು.

ಆಮೇಲೆ ಹೊಳಲ್ಕೆರೆ ರಸ್ತೆ ಅಗೆಯಲು ಶುರು ಮಾಡಿದರು. ಬಸ್ಸು ಒಂದು ದಿನ ಸರಿಯಾದ ಹೊತ್ತಿಗೆ ಬಂದರೆ ಎರಡು ದಿನ ತಡ. ಒಂಬತ್ತಕ್ಕೆ ಅಕ್ಕನ ಫೋನು: "ಇನ್ನೂ ಅರ್ಧ ದಾರಿಯಲ್ಲಿ ಅದೀನಿ. ನೀನೇ ಕುಡಿಸಿಬಿಡಪ್ಪ. ಸರ್‌ಗೆ ಹೇಳ್ಬೇಡ." ಬೇರೆಯವರು ಕುಡಿಸಕೂಡದು ಎಂದು ಸರ್ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಕುರಿಮರಿಗೆ ಜಂತುಮದ್ದು ಕುಡಿಸಿ ಬೆಳೆದವನು ನಾನು, ಇಲಿ ಯಾವ ಲೆಕ್ಕ. ಸೂಜಿ ಹಿಡಿಯುವುದನ್ನು ಅಕ್ಕ ಮೊದಲೇ ಒಂದು ದಿನ ತೋರಿಸಿಕೊಟ್ಟಿದ್ದಳು, ನನ್ನ ಕೈ ಅವಳ ಕೈಗಿಂತ ಹಗುರವಾಗಿತ್ತು.

"ಎಡಗಿವಿಗೆ ಮದ್ದು, ಬಲಗಿವಿಗೆ ನೀರು. ತಿಳೀತಾ?"

"ಕುರಿ ಕಾಯೋರ ಮನೇವನಿಗೆ ಕಿವಿ ಹೇಳ್ಕೊಡ್ತೀಯೇನಕ್ಕ? ನಮ್ಮ ತಾತ ಕೇಳಿದ್ರೆ ಕೋಲು ತಗಂಡು ಹೊಳಲ್ಕೆರೆಗೇ ಬರ್ತಾನೆ."

ಅವಳು ನಕ್ಕಳು. ನಾನು ಒಂದು ಇಲಿಯನ್ನು ಕುತ್ತಿಗೆಯ ತೊಗಲು ಹಿಡಿದು ಎತ್ತಿ, ಮುಖ ನನ್ನ ಕಡೆ ತಿರುಗಿಸಿ, ನನ್ನ ಎಡಗೈ ಕಡೆ ಇದ್ದ ಕಿವಿಯನ್ನು ನೋಡಿದೆ. ಅಲ್ಲಿ ಕಚ್ಚು ಇತ್ತು. ಮದ್ದು ಕುಡಿಸಿದೆ. ಅಷ್ಟು ಹೊತ್ತಿಗೆ ಅಕ್ಕ ಫೋನು ಬಂತೆಂದು ಹೊರಗೆ ಹೋಗಿದ್ದಳು.

ಸಹಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕುಡಿಸಿದ ದಿನ ಅಕ್ಕ ಬಂದ ಮೇಲೆ ಅವಳೇ ಸಹಿ ಹಾಕಬೇಕಿತ್ತು. ಒಂದು ದಿನ ಅವಳು ಬರುವ ಮೊದಲೇ ನಾನು ಹಾಕಿಟ್ಟೆ. ಉದ್ದ ಬಾಲದ ಅಕ್ಷರ, ಮಧ್ಯದಲ್ಲಿ ಒಂದು ಸುರುಳಿ, ಕೊನೆಗೆ ಎರಡು ಚುಕ್ಕೆ. ದನಿ ಕದಿಯುವವನಿಗೆ ಸಹಿ ದೊಡ್ಡದಲ್ಲ. ಅವಳು ಬಂದು ನೋಟ್‌ಬುಕ್ ತೆರೆದು ಸ್ವಲ್ಪ ಹೊತ್ತು ನೋಡಿದಳು.

"ಇವತ್ತು ನಾನು ಯಾವಾಗ ಬಂದಿದ್ನಲೇ?"

"ಒಂಬತ್ತಕ್ಕೆ ಸರಿಯಾಗಿ ಬಂದ್ರಲ್ಲ ಮೇಡಂ, ನಾನೇ ನೋಡಿದ್ನಲ್ಲ," ಎಂದೆ ಸರ್ ದನಿಯಲ್ಲಿ, ಕೆಮ್ಮು ಸಮೇತ.

ಅವಳು ನಗುತ್ತ ಬೆನ್ನಿಗೊಂದು ಕೊಟ್ಟಳು. ಮುಂದಿನ ಸಲ ಬೈಯಲಿಲ್ಲ. ಅದಾದ ಮೇಲೆ ನೋಡುವುದನ್ನೂ ಬಿಟ್ಟಳು.

ಎಂಟನೇ ವಾರದ ಚಿತ್ರಗಳಲ್ಲಿ ಎಡ ಬಲದ ವ್ಯತ್ಯಾಸ ಮಸುಕಾಯಿತು. ಹತ್ತನೇ ವಾರಕ್ಕೆ ಇನ್ನೂ ಕೆಟ್ಟಿತು. ರಾಗಿಯಲ್ಲಿ ನಿಂತಿದ್ದ ಎಡಗಿವಿಗಳು ನವಣೆಗೆ ಹೊರಟಿದ್ದವು. ನವಣೆಯಾಗಿದ್ದ ಬಲಗಿವಿಗಳು ಜೋಳವಾಗದೆ ಅಲ್ಲೇ ನಿಂತಿದ್ದವು. ಏಳನೇ ಡಬ್ಬಿಯ ಬಲಗಿವಿಯದನ್ನು ಅಕ್ಕ ಮೂರು ಸಲ ಚಿತ್ರ ತೆಗೆದಳು. ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟಳು. ಅದೇ ರಕ್ತನಾಳದ ಕವಲು, ಅದರ ಪಕ್ಕ ಅದೇ ಗಂಟು.

"ಯಾಕಲೇ ಇದು ಬೆಳೀತಾನೇ ಇಲ್ಲ? ಬರೀ ನೀರು ಕುಡಿಯೋದು ಇದು."

"ಹಾಸ್ಟೆಲ್ ನೀರು ಅಂದ್ರೆ ಸುಮ್ನೇನಾ," ಎಂದೆ.

ಅವಳು ನಗಲಿಲ್ಲ. ಅವಳಿಗೆ ಇದ್ದ ಗಡುವು ಆ ವರ್ಷದ್ದು ಮಾತ್ರ. ಅಷ್ಟರಲ್ಲಿ ಮದ್ದಿನ ಇಲಿಗೂ ನೀರಿನ ಇಲಿಗೂ ವ್ಯತ್ಯಾಸ ತೋರಿಸಿದರೆ ಆ ಎಲೆಯ ಕೆಲಸ ಮುಂದಕ್ಕೆ ಹೋಗುತ್ತಿತ್ತು, ಇಲ್ಲದಿದ್ದರೆ ಅಲ್ಲಿಗೇ ಬಿಡಬೇಕಿತ್ತು. ಅದು ನನಗೂ ಗೊತ್ತಿತ್ತು.

ಆ ವಾರದ ಕೊನೆಗೆ ನಾನು ಊರಿಗೆ ಹೋದೆ. ನಮ್ಮೂರು ಹಿರಿಯೂರಿನಿಂದ ಒಳಕ್ಕೆ. ತಾತ ಹೊಸದುರ್ಗದ ಒಬ್ಬರಿಗೆ ಫೋನಿನಲ್ಲೇ ಒಂದು ಟಗರು ಮಾತಾಡಿದ್ದ, ಆ ಬೆಳಿಗ್ಗೆ ಅವರು ಟೆಂಪೋ ತಂದಿದ್ದರು. ತಾತ ದಿನದಂತೆ ಕುರಿ ಕೂಡುವ ರೊಪ್ಪದ ಬಾಯಿಗೆ ನಿಂತು, ಮುಳ್ಳಿನ ತಡಿಕೆ ಸರಿಸಿ, ಹೊರಗೆ ಬರುವ ಕುರಿಗಳನ್ನು ಒಂದೊಂದಾಗಿ ಎಣಿಸಿ ಬಿಡುತ್ತಿದ್ದ. ಕುರಿಗಳು ಅವನ ಮುಖಕ್ಕೆ ಮುಖ ಕೊಟ್ಟು ಬರುತ್ತಿದ್ದವು. ಹೊಸದುರ್ಗದವರು ಅಷ್ಟರಲ್ಲಿ ಒಂದು ಟಗರಿನ ಕೊಂಬು ಹಿಡಿದಿದ್ದರು.

"ಅದಲ್ರಿ, ನಾನು ಹೇಳಿದ್ದು ಎಡಗಿವಿ ಸೀಳಿರೋದು," ಎಂದ ತಾತ.

"ಇದೇ ಅಲ್ವಾ ಯಜಮಾನ್ರೆ, ಎಡಗಿವಿ ಸೀಳೈತೆ, ನೋಡ್ರಿ."

"ಅದು ಬಲಗಿವಿ."

"ಇದೆಂಗೆ ಬಲಗಿವಿ ಆಯ್ತದೆ? ಟಗರಿಗೆ ಇದು ಎಡ."

"ಟಗರಿಗೆ ಯಾವ ಕಡೆ ಆದ್ರೆ ನನಗೇನು? ಇಲ್ಲಿ ನಿಂತು ಎಣಿಸೋನು ನಾನಾ, ಟಗರಾ?"

ಹೊಸದುರ್ಗದವರು ಜೋರಾಗಿ ನಕ್ಕರು. "ನಿಮ್ಮ ಮನೇಲಿ ಹಂಗೋ? ನಮ್ಮಲ್ಲಿ ಕುರಿ ಎಡ ಅಂದ್ರೆ ಕುರಿದೇ ಎಡ. ಡಾಕ್ಟ್ರೂ ಹಂಗೇ ಬರೀತಾರೆ."

"ನಮ್ಮಪ್ಪನ ಕಾಲದಿಂದ ಹಿಂಗೇ. ಎಡಗೈ ಕಡೆ ಇರೋದು ಎಡಗಿವಿ," ಎಂದು ತಾತ ತಾನೂ ನಕ್ಕ.

ನಾನು ಜಗುಲಿಯ ಮೇಲೆ ಟೀ ಹಿಡಿದು ಕೂತಿದ್ದೆ. ಹೊಸದುರ್ಗದವರ ದನಿ ಆಗಲೇ ನನ್ನ ಗಂಟಲಿಗೆ ಬಂದಿತ್ತು, ಸೋಮವಾರ ಅಕ್ಕನಿಗೆ ಮಾಡಿ ತೋರಿಸಬೇಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಎಡಗೈ ತಾನಾಗಿ ಮೇಲೆದ್ದು, ಇಲಿಯ ಕುತ್ತಿಗೆ ಹಿಡಿದಂತೆ ಬೆರಳು ಮಡಚಿತು. ಮುಖ ನನ್ನ ಕಡೆ. ನನ್ನ ಎಡ. ಅದಕ್ಕೆ ಬಲ.

ಅಕ್ಕ ಕುಡಿಸಿದ ದಿನ ಒಂದು ಇಲಿಗೆ ಮದ್ದು. ನಾನು ಕುಡಿಸಿದ ದಿನ ಅದರ ಜೊತೆಯದಕ್ಕೆ ಮದ್ದು. ಏಳನೇ ಡಬ್ಬಿಯ ಬಲಗಿವಿ ಯಾಕೆ ಬೆಳೆಯಲಿಲ್ಲ ಎಂದು ನನಗೆ ಗೊತ್ತಾಯಿತು. ಮದ್ದು ನಿಜವಾಗಿ ಕೆಲಸ ಮಾಡುತ್ತಿತ್ತೇನೋ ಎಂಬುದೂ ಆ ಕ್ಷಣವೇ ಹೊಳೆಯಿತು. ಟೀ ಆರಿಹೋಯಿತು. ತಾತ ಕೇಳಿದ, "ಯಾಕ್ಲಾ ಮಗ, ಇಲಿ ಕಚ್ತಾ?"

ಸೋಮವಾರದ ಬಸ್ಸಿನಲ್ಲಿ ಚಿತ್ರದುರ್ಗ ಮುಟ್ಟುವವರೆಗೂ ಮಾತು ಜೋಡಿಸಿಕೊಂಡೆ. ಯಾವ್ಯಾವ ದಿನ ನಾನು ಕುಡಿಸಿದ್ದೆ ಎಂದು ಬೆರಳು ಮಡಚಿ ನೆನಪು ಮಾಡಿಕೊಂಡೆ. ಆಗ ನೆನಪಿತ್ತು. ರಸ್ತೆಗೆ ಕಲ್ಲು ಸುರಿದ ದಿನ, ಅಕ್ಕನ ಬಸ್ಸಿನ ಟೈರು ಪಂಕ್ಚರ್ ಆದ ದಿನ, ಹೀಗೆ. ಆಗಲೇ ಹೇಳಿದ್ದರೆ ಅಕ್ಕ ಆ ದಿನಗಳನ್ನು ಗುರುತು ಹಾಕಿಕೊಳ್ಳುತ್ತಿದ್ದಳು. ಹೊಸ ಇಲಿಗಳೊಂದಿಗೆ ಮತ್ತೆ ಶುರು ಮಾಡಲು ಗಡುವಿನಲ್ಲಿ ಜಾಗ ಇನ್ನೂ ಇತ್ತು.

ಕೋಣೆಗೆ ಹೋದರೆ ಸರ್ ಕೂಡ ಕೂತಿದ್ದರು. ಅಕ್ಕನ ಕಣ್ಣು ಕೆಂಪಾಗಿತ್ತು. ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ತಾತ. ಬೆನ್ನು ಬಾಗಿಸಿ, ಇಲ್ಲದ ಕೋಲು ಊರಿ ಹೇಳಿದೆ:

"ಏ ತಾಯಿ, ನಮ್ಮ ರೊಪ್ಪದಾಗೆ ಎಡ ಅಂದ್ರೆ ಬಲ ಕಣವ್ವ. ಈ ನನ್ನ ಮೊಮ್ಮಗ ನಿನ್ನ ಇಲಿಗಳಿಗೆಲ್ಲ ಅದಲು ಬದಲು ಕುಡಿಸ್ಯಾನೆ. ಎರಡೂ ಮದ್ದು ಕುಡಿದ್ವು, ಎರಡೂ ನೀರು ಕುಡಿದ್ವು, ಈಗ ಕುಂತ್ಕಂಡು ಅಳು."

ಅಕ್ಕ ನಕ್ಕಳು. ಆ ವಾರದಲ್ಲಿ ಮೊದಲ ಸಲ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸರ್ ಎರಡು ಸಲ ಕೆಮ್ಮಿ, "ಅಂದ್ರೆ ಏನಪ್ಪ ಅಂದ್ರೆ, ಇವನನ್ನ ನಾಟಕದ ಕಂಪನಿಗೆ ಕಳಿಸ್ಬೇಕು," ಎಂದರು. ನಾನು ತಾತನ ಹಾಗೆಯೇ ಕೈ ಮುಗಿದೆ.

ಅವಳು ನಗುವುದನ್ನು ನಾನು ನಿಲ್ಲಿಸಲಿಲ್ಲ. ಹೊಟ್ಟು ತರುವ ನೆಪದಲ್ಲಿ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಹೇಳಿಯಾಯಿತಲ್ಲ, ಒಂದು ಅಕ್ಷರ ಬಿಡದೆ ಹೇಳಿದೆ, ನಂಬದಿದ್ದರೆ ನಾನೇನು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನು ಮುಂದೆ ಎಷ್ಟು ದಿನ ಹೇಳಿಕೊಂಡೆನೋ. ನಂಬಬಾರದೆಂದೇ ತಾತನನ್ನು ಕರೆತಂದಿದ್ದೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

ಅಂದಿನಿಂದ ಇಲಿಯ ಎಡವನ್ನೇ ಎಡ ಎಂದು ಹಿಡಿದು ಸರಿಯಾಗಿ ಕುಡಿಸಿದೆ. ಉಳಿದ ದಿನಗಳಲ್ಲಿ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಆಸೆ. ಸರಿಹೋಗಲಿಲ್ಲ. ಕೊನೆಯ ಚಿತ್ರಗಳಲ್ಲಿ ಎಡಗಿವಿ, ಬಲಗಿವಿ ಎರಡರಲ್ಲೂ ನವಣೆ, ಜೋಳ ಬೆರೆತು ಚೆಲ್ಲಿದಂತೆ ಇದ್ದವು. ಎರಡು ಇಲಿಗಳಿಗೆ ತೊಗರಿ ಬಂದಿತ್ತು, ಅವನ್ನು ಆ ದಿನವೇ ಮತ್ತಿನಲ್ಲೇ ಮತ್ತೆ ಏಳದ ಹಾಗೆ ಮಲಗಿಸಿದೆವು. ಮದ್ದು ಮೊದಮೊದಲು ಹಿಡಿದ ಹಾಗೆ ಕಂಡು ಆಮೇಲೆ ಬಿಟ್ಟುಹೋಯಿತು, ಇಷ್ಟು ಸಾಕು ಎಂದು ಸರ್ ತೀರ್ಮಾನ ಮಾಡಿದರು. ಉಳಿದ ಇಲಿಗಳನ್ನು ಕುಯ್ದು ಎಣಿಸಿದರು. ಕುಯ್ಯದೆ ನೋಡಬಹುದು ಎಂದು ಅಕ್ಕ ಹೇಳಿದ್ದ ಇಲಿಗಳು. ನಾನೇ ಡಬ್ಬಿಗಳನ್ನು ಒಂದೊಂದಾಗಿ ತಂದು ಕೊಟ್ಟೆ. ಏಳನೆಯದನ್ನು ಕೊಡುವಾಗ ಅಕ್ಕ ನನ್ನ ಮುಖ ನೋಡಿ, "ಯಾಕಲೇ, ಇವತ್ತು ಒಂದೂ ದನಿ ಇಲ್ಲ?" ಎಂದಳು. ಗಂಟಲು ಕೆಟ್ಟಿದೆ ಎಂದೆ.

ಅವಳು ಬರೆದ ಪುಸ್ತಕದಲ್ಲಿ ಆ ಎಲೆಯ ಬಗ್ಗೆ ಕೊನೆಗೆ ಒಂದೇ ಸಾಲು, ಗಮನಾರ್ಹ ಪರಿಣಾಮ ಕಂಡುಬಂದಿಲ್ಲ ಎಂದು. ಡಾಕ್ಟರೇಟ್ ಹೇಗೋ ಸಿಕ್ಕಿತು, ಎಲೆ ಬಿಟ್ಟುಹೋಯಿತು. ಅವಳು ಹೊಸದುರ್ಗದಲ್ಲಿ ಒಂದು ಕಾಲೇಜಿಗೆ ಪಾಠ ಹೇಳಲು ಸೇರಿದಳು.

ಆರೇಳು ತಿಂಗಳಾದ ಮೇಲೆ ಸರ್ ಕಪಾಟು ಖಾಲಿ ಮಾಡಿಸಿದರು. ರದ್ದಿಗೆ ಹಾಕು ಎಂದ ರಾಶಿಯಲ್ಲಿ ಅಕ್ಕನ ನೋಟ್‌ಬುಕ್ ಇತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಮರುದಿನ ಹೊಸದುರ್ಗದ ಬಸ್ಸು ಹತ್ತಿದೆ.

ಅಕ್ಕ ಖಾಲಿ ತರಗತಿಯೊಂದರಲ್ಲಿ ಕೂರಿಸಿದಳು. "ಏನಪ್ಪ ವಾರ್ಡನ್, ಯಾರ ದನಿ ತಂದೀಯ ಇವತ್ತು?" ಎಂದಳು.

"ಯಾರ್ದೂ ಇಲ್ಲಕ್ಕ," ಎಂದು ಹೇಳಲು ಶುರು ಮಾಡಿದೆ. ರೊಪ್ಪದ ಬಾಯಿ, ಟಗರು, ನನ್ನ ಎಡಗೈ, ಸೋಮವಾರ, ತಾತ. ನನ್ನದೇ ದನಿ ನನಗೇ ಗುರುತಿಲ್ಲದಷ್ಟು ಸಣ್ಣಗಿತ್ತು. ಮೊದಲು ಅವಳ ತುಟಿ ನಗಲು ಸಿದ್ಧವಾಗಿತ್ತು, ಎಲ್ಲಿ ನಗಬೇಕೆಂದು ಕಾಯುತ್ತಿತ್ತು. ಆಮೇಲೆ ಕಾಯುವುದನ್ನು ಬಿಟ್ಟಿತು.

"ಅಂದ್ರೆ ಮದ್ದು ಹಿಡೀತಿತ್ತು," ಎಂದಳು.

"ಹಿಡೀತಿತ್ತೇನೋ."

"ಚಿತ್ರ ಎಲ್ಲಾ ನನ್ನ ಹತ್ರ ಅವೆ. ಯಾವ ದಿನ ನೀನು, ಯಾವ ದಿನ ನಾನು ಅಂತ ಗೊತ್ತಾದ್ರೆ ಸಾಕು. ಯಾವ ಇಲಿಗೆ ಎಷ್ಟು ಮದ್ದು ಹೋಯ್ತು ಅಂತ ತೆಗೀಬಹುದು." ಅವಳ ಕೈ ಆಗಲೇ ನೋಟ್‌ಬುಕ್ಕಿನ ಮೇಲಿತ್ತು. "ಯಾವ್ಯಾವ ದಿನ ಹೇಳು."

ನಾನು ಬೆರಳು ಮಡಚಲು ನೋಡಿದೆ. ಕಲ್ಲು ಸುರಿದ ದಿನ ಯಾವುದು, ಟೈರಿನ ದಿನ ಯಾವುದು, ಎಲ್ಲ ಕಲಸಿಹೋಗಿತ್ತು. ಅವಳು ಕಾಯದೆ ಪುಟ ತೆರೆದು ಸಹಿಗಳ ಸಾಲಿನ ಮೇಲೆ ಬೆರಳಿಟ್ಟಳು.

"ಇದು ನಂದು. ಇದೂ ನಂದೇ. ಇದು..." ಬೆರಳು ನಿಂತಿತು. "ಇದು ನಿಂದಾ?"

"ಗೊತ್ತಿಲ್ಲಕ್ಕ."

"ಇದು?"

ಪ್ರತಿ ಸಾಲಿನಲ್ಲೂ ಅದೇ ಉದ್ದ ಬಾಲ, ಅದೇ ಸುರುಳಿ, ಕೊನೆಗೆ ಎರಡು ಚುಕ್ಕೆ. ಅವಳು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುವಿ ಹಿಂಬದಿಯಲ್ಲಿ ಪೆನ್ನಿನ ಒತ್ತು ಮುಟ್ಟಿ ನೋಡಿದಳು. ಆಮೇಲೆ ಕೊನೆಯ ಖಾಲಿ ಹಾಳೆಯಲ್ಲಿ ತನ್ನ ಸಹಿ ಹಾಕಿ, ಪೆನ್ನನ್ನು ನನಗೆ ಕೊಟ್ಟಳು.

"ಹಾಕು. ನಿಧಾನಕ್ಕೆ."

ಎಲ್ಲಾದರೂ ಒಂದು ಕಡೆ ತಪ್ಪಲಿ, ಬಾಲ ಗಿಡ್ಡವಾಗಲಿ, ಸುರುಳಿ ಕೆಡಲಿ ಎಂದು ಬೇಡಿಕೊಳ್ಳುತ್ತ ಹಾಕಿದೆ. ಅವಳು ಎರಡನ್ನೂ ನೋಡಿದಳು. ಇನ್ನೊಮ್ಮೆ ಹಾಕು ಎಂದಳು. ಇನ್ನೊಮ್ಮೆ ಹಾಕಿದೆ. ಮೂರೂ ಅವಳದೇ ಆಗಿದ್ದವು.